ದೋಸೆ ಗ್ರೈಂಡರಿನ ಚಾಕೊಲೇಟು

ನಾನು ಮೊದಲ ಸಲ ಚಾಕೊಲೇಟು ಮಾಡಿದ್ದು ದೊಡ್ಡಮ್ಮನ ದೋಸೆ ಗ್ರೈಂಡರಿನಲ್ಲಿ. ಮಾಡಿದೆ ಅಂತ ಹೇಳಿಕೊಳ್ಳುವುದಷ್ಟೆ, ಆಗಲಿಲ್ಲ ಎನ್ನುವುದು ಬೇರೆ ಮಾತು. ವಿಟ್ಲದ ಹತ್ತಿರದ ನಮ್ಮ ಮನೆಯ ಅಡಿಕೆ ತೋಟದಲ್ಲೇ ಬೆಳೆದ ಕೊಕ್ಕೊ ಬೀಜ. ಕಬ್ಬಿಣದ ಬಾಣಲೆಯಲ್ಲಿ ಹುರಿದು, ಕುಟ್ಟಿ, ತಡ್ಪೆಯಲ್ಲಿ ಸಿಪ್ಪೆ ಕೇರಿ, ಗ್ರೈಂಡರಿಗೆ ಸುರಿದು ಎರಡು ಗಂಟೆ ತಿರುಗಿಸಿದ್ದೆ. ಪುಡಿ ಮೊದಲು ಅಂಟಂಟಾಯಿತು, ಆಮೇಲೆ ತನ್ನದೇ ಎಣ್ಣೆ ಬಿಟ್ಟುಕೊಂಡು ಹೊಳೆಯತೊಡಗಿತು. ಆ ಹುಮ್ಮಸ್ಸಿನಲ್ಲಿ ಒಂದು ಪಾವು ಬೆಲ್ಲದ ಪುಡಿ ಸುರಿದೆ. ಐದು ನಿಮಿಷ ಆಗಿರಲಿಕ್ಕಿಲ್ಲ, ಕಲ್ಲು ಕಿರುಗುಟ್ಟಿ ನಿಂತಿತು. ಒಳಗೆ ಗೋಡೆ ಮೆತ್ತಲು ಕಲಸಿಟ್ಟ ಕೆಸರಿನ ಹಾಗೆ ಒಂದು ಮುದ್ದೆ.

"ಎಂತ ಮಾರಾಯ್ತಿ ಇದು, ಉದ್ದಿನ ವಾಸನೆ ಬರ್ತದಲ್ಲ!" ಅಂದರು ದೊಡ್ಡಮ್ಮ, ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು. ಅವರ ಆತಂಕ ಚಾಕೊಲೇಟಿನದ್ದಲ್ಲ, ನಾಳೆ ಬೆಳಗ್ಗಿನ ದೋಸೆಯದ್ದು.

ತಪ್ಪು ಬೆಲ್ಲದಲ್ಲಿತ್ತು. ಚಾಕೊಲೇಟು ಅಂದರೆ ಕೊಕ್ಕೊ ಬೆಣ್ಣೆಯಲ್ಲಿ ತೇಲುವ ಒಣ ಕಣಗಳು, ಅಷ್ಟೇ. ಅದಕ್ಕೆ ಒಂದು ಚಮಚ ತೇವ ಬಿದ್ದರೂ ಸಕ್ಕರೆ ಕರಗಿ ಅಂಟಾಗಿ, ಕಣಕ್ಕೆ ಕಣ ಹಿಡಿದುಕೊಂಡು ಮುದ್ದೆಯಾಗುತ್ತದೆ. ನಮ್ಮ ಕರಾವಳಿಯ ಗಾಳಿ ಕುಡಿದ ಬೆಲ್ಲದಲ್ಲಿ ತೇವಕ್ಕೇನು ಬರ. ಎಸೆಯಲು ಮನಸ್ಸು ಬರಲಿಲ್ಲ. ಮುದ್ದೆಯನ್ನು ತಟ್ಟಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಕತ್ತಿಯಲ್ಲಿ ಚೂರು ಮಾಡಿ ಬಿಸ್ಕತ್ತಿನ ಹಿಟ್ಟಿಗೆ ಕಲಸಿದೆ. ಬಾರ್ ಆಗಲು ಯೋಗ್ಯತೆಯಿಲ್ಲದ ಚಾಕೊಲೇಟಿಗೂ ಕುಕ್ಕಿಯಲ್ಲಿ ಜಾಗವಿದೆ ಎಂದು ಗೊತ್ತಾದದ್ದು ಹೀಗೆ. ಹೊಳಪು ಬೇಡ, ಟಕ್ಕನೆ ಮುರಿಯುವ ಗುಣ ಬೇಡ, ಟೆಂಪರಿಂಗ್ ಎಂಬ ಥರ್ಮಾಮೀಟರಿನ ಕಸರತ್ತೂ ಬೇಡ. ಹೇಗೂ ಓವನ್ನಿನಲ್ಲಿ ಕರಗುವುದೇ ತಾನೇ?

ಕುಕ್ಕಿ ನೋಡಲು ಚೆನ್ನಾಗಿತ್ತು. ತಿಂದರೆ ಮಾತ್ರ ಕಹಿ. ಎಳೆ ಅಡಿಕೆ ಜಗಿದ ಹಾಗೆ ನಾಲಗೆ ಒಗರು ಹಿಡಿಯಿತು. ಅದಕ್ಕೆ ಬೆಲ್ಲವೂ ಕಾರಣವಲ್ಲ, ಗ್ರೈಂಡರೂ ಅಲ್ಲ. ಕಾರಣ ಅಂಗಳದಲ್ಲಿತ್ತು.

ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಕೊಕ್ಕೊ ಅಂದರೆ ತಿಂಡಿಯಲ್ಲ, ಕೆಲಸ. ಎರಡು ಅಡಿಕೆ ಸಾಲುಗಳ ನಡುವೆ, ಅರೆ ನೆರಳಿನಲ್ಲಿ ಕೈಗೆಟಕುವಷ್ಟೇ ಎತ್ತರದ ಮರ. ಹೂವು ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ, ಕಾಯಿಯೂ ಹಲಸಿನಂತೆ ಕಾಂಡದಲ್ಲೇ ಜೋತಾಡುತ್ತದೆ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಹಣ್ಣಾಗುವ ಸುದ್ದಿ ನಮಗಿಂತ ಮೊದಲು ಅಳಿಲಿಗೆ, ಇಲಿಗೆ, ಮಂಗನಿಗೆ ತಲುಪುತ್ತದೆ. ಅವು ಬಿಟ್ಟದ್ದು ನಮ್ಮ ಪಾಲು. ಮಕ್ಕಳಾಗಿದ್ದಾಗ ನಮಗೆ ಬೇಕಾಗಿದ್ದದ್ದು ಬೀಜದ ಸುತ್ತಲಿನ ಬಿಳಿ ತಿರುಳು ಮಾತ್ರ. ಹುಳಿ ಸಿಹಿ, ರಂಬುಟಾನಿನ ದಾಯಾದಿಯಂಥ ರುಚಿ. ಚೀಪಿ ಚೀಪಿ ಬೀಜವನ್ನು ಬುಟ್ಟಿಗೆ ಉಗುಳುತ್ತಿದ್ದೆವು. ಆ ಉಗುಳಿದ ಬೀಜದಿಂದಲೇ ಚಾಕೊಲೇಟು ಆಗುತ್ತದೆ ಎಂದು ಮೇಷ್ಟರು ಹೇಳಿದಾಗ ತರಗತಿಯಲ್ಲಿ ಒಬ್ಬರೂ ನಂಬಿರಲಿಲ್ಲ. ಬಾಯಿಗೆ ಹಾಕಿ ಕಚ್ಚಿ ನೋಡಿದವರು ಹೇಗೆ ನಂಬುತ್ತಾರೆ?

ಬೆಳೆ ನಮ್ಮದಲ್ಲ, ದಕ್ಷಿಣ ಅಮೆರಿಕದ್ದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1798ರಲ್ಲಿ, ತಮಿಳುನಾಡಿನ ಕುರ್ತಾಲಕ್ಕೆ ಬಂತೆಂದು ದಾಖಲೆ. ತೋಟದ ಬೆಳೆಯಾಗಿ ಬೇರೂರಿದ್ದು 1960ರ ದಶಕದಲ್ಲಿ, ಕ್ಯಾಡ್ಬರಿ ಕಂಪನಿ ವಯನಾಡಿನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿದ ಮೇಲೆ. ಎಪ್ಪತ್ತರ ದಶಕದಲ್ಲಿ ಕೇರಳ, ದಕ್ಷಿಣ ಕನ್ನಡದ ಕೃಷಿಕರು ಉತ್ಸಾಹದಿಂದ ಗಿಡ ನೆಟ್ಟರು. ದಶಕ ಮುಗಿಯುವ ಹೊತ್ತಿಗೆ ಬೆಲೆ ಬಿತ್ತು, ಖಾಸಗಿ ಖರೀದಿ ಕುಗ್ಗಿತು, ಬೀಜ ತೆಗೆದುಕೊಂಡು ಹೋದರೆ ಕೇಳುವವರಿಲ್ಲ. ಹಲವರು ಮರವನ್ನೇ ಕಡಿದು ಹಾಕಿದರು. ಆಗ ಕೈಹಿಡಿದದ್ದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರನ್ನು ಉಳಿಸಲೆಂದು 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕೊಕ್ಕೊವನ್ನೂ ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ತಲೆಯೆತ್ತಿತು. ಉದ್ಘಾಟನೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದಿದ್ದರು. ಬೆಳೆಗಾರರೇ ಒಡೆಯರಾಗಿರುವ ಚಾಕೊಲೇಟ್ ಕಾರ್ಖಾನೆ ಎನ್ನುವುದು ಈ ಸಿಹಿಯ ಲೋಕದಲ್ಲಿ ಬಲು ಅಪರೂಪ. ನಮ್ಮವರು ಅದನ್ನು ಹೇಳಿಕೊಂಡು ಮೆರೆದದ್ದೇ ಕಡಿಮೆ.

ಕ್ಯಾಂಪ್ಕೊ ಹಸಿ ಬೀಜವನ್ನೇ ಕೊಳ್ಳುತ್ತದೆ. ಕೃಷಿಕನಿಗೆ ಇದು ದೊಡ್ಡ ಉಪಕಾರ. ಕಾಯಿ ಒಡೆದು, ನಡುವಿನ ಗೂಂಜು ತೆಗೆದು, ಬೀಜವನ್ನು ಗೋಣಿಗೆ ತುಂಬಿ ಕೊಟ್ಟರೆ ದುಡ್ಡು ಕೈಗೆ. ಗೋಣಿಯಿಂದ ರಸ ಸೋರಿ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬೈಸಿಕೊಂಡ ನೆನಪು ನಮ್ಮ ತಲೆಮಾರಿನ ಎಲ್ಲರಿಗೂ ಇರಬಹುದು. ಆದರೆ ಬೀಜ ಹಸಿಯಾಗಿಯೇ ಮನೆ ಬಿಟ್ಟು ಹೋಗುವುದರಿಂದ, ಅದು ಚಾಕೊಲೇಟು ಆಗುವ ಮೊದಲ ಮತ್ತು ಮುಖ್ಯ ಮೆಟ್ಟಿಲನ್ನು ನಮ್ಮ ಮನೆಗಳಲ್ಲಿ ಯಾರೂ ಕಂಡಿರಲಿಲ್ಲ. ನನಗಾಗಿ ಅಣ್ಣ ಎರಡು ಕಿಲೋ ಬೀಜ ತೆಗೆದಿಟ್ಟ. ತೊಳೆದು, ಅಂಗಳದಲ್ಲಿ ಅಡಿಕೆಯ ಪಕ್ಕ ಹರಡಿ, ಚೆನ್ನಾಗಿ ಒಣಗಿಸಿದ. ಅಡಿಕೆಯ ನ್ಯಾಯದಲ್ಲಿ ನೋಡಿದರೆ ಅವನು ಮಾಡಿದ್ದು ಸರಿಯೇ. ಕೊಕ್ಕೊದ ನ್ಯಾಯ ಬೇರೆ. ಬೀಜವನ್ನು ಕತ್ತರಿಸಿ ನೋಡಿದರೆ ಒಳಗೆ ಸ್ಲೇಟಿನ ಬಣ್ಣ. ಅದು ಹುಳಿತಿರಲೇ ಇಲ್ಲ.

ಚಾಕೊಲೇಟಿನ ರುಚಿ ಹುಟ್ಟುವುದು ಕಾರ್ಖಾನೆಯಲ್ಲೂ ಅಲ್ಲ, ಓವನ್ನಿನಲ್ಲೂ ಅಲ್ಲ. ತಿರುಳಿನ ಸಮೇತ ಬೀಜ ರಾಶಿಯಲ್ಲಿ ಬೆವರುವ ಆರು ದಿನಗಳಲ್ಲಿ. ಮುಂದಿನ ಬೇಸಗೆಯಲ್ಲಿ ಇದನ್ನು ಸರಿಯಾಗಿ ಮಾಡಿಯೇ ಬಿಡುವ ಅಂತ ಹಠ ಹಿಡಿದೆವು. ಒಂದೆರಡು ಕಿಲೋ ಸಾಲದು, ರಾಶಿ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಇಪ್ಪತ್ತೈದು ಕಿಲೋ ಹಸಿ ಬೀಜ, ಬಿದಿರಿನ ಬುಟ್ಟಿ, ಒಳಗೆ ಬಾಳೆ ಎಲೆ, ರಸ ಸೋರಲು ಅಡಿಯಲ್ಲಿ ಸಂದು, ಮೇಲೆ ದಪ್ಪ ಗೋಣಿ. ಮೊದಲ ದಿನ ಕಳ್ಳಿನ ವಾಸನೆ: ತಿರುಳಿನ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸುತ್ತಿರುತ್ತದೆ. ಮೂರನೆಯ ದಿನ ಮಗುಚಿ ಹಾಕಿದೆವು. ಗಾಳಿ ತಾಗಿದ್ದೇ ತಡ, ವಾಸನೆ ಕಳ್ಳಿನಿಂದ ವಿನೆಗರಿಗೆ ತಿರುಗಿತು. ಕೈ ಒಳಗೆ ತೂರಿಸಿದರೆ ಚುರುಕ್ಕೆನ್ನುವ ಬಿಸಿ. 45ರಿಂದ 50 ಡಿಗ್ರಿವರೆಗೆ ಹೋಗುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ, ಗೊಬ್ಬರದ ರಾಶಿ ಬಿಸಿಯಾಗುವ ಹಾಗೆ ಅದೂ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಈ ಬಿಸಿ ಮತ್ತು ಹುಳಿಗೆ ಬೀಜದ ಜೀವ ಹೋಗುತ್ತದೆ, ಮೊಳಕೆಯೊಡೆಯುವ ಶಕ್ತಿ ಸಾಯುತ್ತದೆ. ಒಳಗಿನ ಕೋಶಗಳ ಗೋಡೆ ಒಡೆದು, ಪ್ರೋಟೀನು ಅಮೈನೊ ಆಮ್ಲಗಳಾಗಿ ಬಿಡಿಸಿಕೊಳ್ಳುತ್ತದೆ, ಒಗರು ತಗ್ಗುತ್ತದೆ. ಮುಂದೆ ಹುರಿಯುವಾಗ ಚಾಕೊಲೇಟಿನ ಪರಿಮಳ ಕಟ್ಟುವುದು ಈ ಸಾಮಗ್ರಿಯಿಂದಲೇ. ಇದಿಲ್ಲದಿದ್ದರೆ ಎಷ್ಟು ಹುರಿದರೂ ಹುರಿದ ಕಡಲೆ.

ಐದನೆಯ ದಿನ ಇನ್ನೊಂದು ಸಲ ಮಗುಚಿ, ಏಳನೆಯ ದಿನ ಬೆಳಗ್ಗೆ ಹೊರಗೆ ತೆಗೆದಾಗ ಬೀಜ ಕಂದು, ವಾಸನೆ ಹದ. ದೊಡ್ಡಮ್ಮ ಜಗಲಿಯಿಂದಲೇ ಮೂಗು ಮುಚ್ಚಿಕೊಂಡಿದ್ದರು: "ಇದನ್ನು ಮನೆ ಒಳಗೆ ತಂದೀಯೆ ಮತ್ತೆ!" ಒಂದು ವಾರ ಬಿಸಿಲಿಗೆ ಒಣಗಿಸಿ, ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಚಟಚಟ ಎನ್ನುವಲ್ಲಿಗೆ ತಂದಾಗ ಇಪ್ಪತ್ತೈದು ಕಿಲೋ ಎಂಟೂಕಾಲಿಗೆ ಇಳಿದಿತ್ತು. ಮಳೆ ಬರುವ ಮೊದಲು ಒಣಗಿದ್ದೇ ಪುಣ್ಯ. ಜೂನಿನ ಕೊಕ್ಕೊವನ್ನು ಈ ಜಿಲ್ಲೆಯಲ್ಲಿ ಬಿಸಿಲಲ್ಲಿ ಒಣಗಿಸುತ್ತೇನೆಂದು ಹೊರಡುವವರಿಗೆ ನನ್ನ ನಮಸ್ಕಾರ.

ಗ್ರೈಂಡರಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಇಲ್ಲೊಂದು ತಮಾಷೆಯಿದೆ. ದೊಡ್ಡಮ್ಮನ ಗ್ರೈಂಡರಿಗೆ ಕೊಕ್ಕೊ ಹಾಕಿದ್ದನ್ನು ನಾನು ದೊಡ್ಡ ಸಾಹಸವೆಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜಗತ್ತಿನ ಎಷ್ಟೋ ಸಣ್ಣ ಚಾಕೊಲೇಟುಗಾರರು ನಡೆದದ್ದು ಇದೇ ದಾರಿಯಲ್ಲಿ. ಎರಡು ಸಾವಿರದ ದಶಕದ ಆರಂಭದಲ್ಲಿ ಅಮೆರಿಕದ ಆರೆಗನ್‌ನ ಜಾನ್ ನ್ಯಾನ್ಸಿ ಎಂಬ ರಸಾಯನಶಾಸ್ತ್ರಜ್ಞ ಮನೆಯಲ್ಲೇ ಬೀಜದಿಂದ ಚಾಕೊಲೇಟು ಮಾಡಲು ಹೊರಟಾಗ, ದೊಡ್ಡ ಕಾರ್ಖಾನೆಯ ಯಂತ್ರಕ್ಕೆ ಬದಲಿಯಾಗಿ ಅವರಿಗೆ ದಕ್ಕಿದ್ದು ತಮಿಳುನಾಡಿನ ಟೇಬಲ್‌ಟಾಪ್ ದೋಸೆ ಗ್ರೈಂಡರ್. ಗ್ರಾನೈಟ್ ತಳ, ಗ್ರಾನೈಟ್ ಉರುಳುಕಲ್ಲು, ದಿನಗಟ್ಟಲೆ ತಿರುಗಿದರೂ ಬೇಸರಿಸದ ಮೋಟಾರು. ಜಾರ್ಜಿಯಾದಲ್ಲಿ ಅನಿವಾಸಿ ಭಾರತೀಯರಿಗೆ ಇದೇ ಗ್ರೈಂಡರ್ ಮಾರುತ್ತಿದ್ದ ತಮಿಳು ದಂಪತಿ, ಗಿರಾಕಿಗಳು ಅದರಲ್ಲಿ ಕೊಕ್ಕೊ ಅರೆಯುತ್ತಿದ್ದಾರೆಂದು ತಿಳಿದು, ಅದನ್ನೇ ತಿದ್ದಿ ಕೊಕೋಟೌನ್ ಎಂಬ ಹೆಸರಿನಲ್ಲಿ ಚಾಕೊಲೇಟ್ ಯಂತ್ರ ಮಾಡತೊಡಗಿದರು. ಇವತ್ತು 'ಮೆಲಾಂಜರ್' ಎಂಬ ಫ್ರೆಂಚ್ ಹೆಸರಿನಲ್ಲಿ ಮೆರೆಯುವ ಆ ಪುಟ್ಟ ಯಂತ್ರದ ತವರು ಕೊಯಮತ್ತೂರು. ಉದ್ದು ಅರೆದ ಕಲ್ಲು ಅಮೆರಿಕಕ್ಕೆ ಹೋಗಿ ಹೆಸರು ಬದಲಿಸಿಕೊಂಡು ನಮ್ಮ ಚಾಕೊಲೇಟುಗಾರರ ಕಡೆಗೆ ಮರಳಿ ಬಂದಿದೆ.

ಹಾಗೆ ಮರಳಿದ ಮೇಲೆ ಇಲ್ಲಿಯೂ ಒಂದು ಗುಂಪು ಎದ್ದಿತು. ಮೈಸೂರಿನಲ್ಲಿ 2012ರಲ್ಲಿ 'ಅರ್ಥ್ ಲೋಫ್' ಎಂಬ ಹೆಸರಿನಲ್ಲಿ ಶುರುವಾದದ್ದು ಇವತ್ತಿನ 'ನವಿಲುನಾ'. ಭಾರತದ ಕೊಕ್ಕೊವನ್ನೇ ನಂಬಿಕೊಂಡದ್ದು ಅದರ ಹೆಗ್ಗಳಿಕೆ. ಆರೋವಿಲ್ಲಿನ 'ಮೇಸನ್ ಆ್ಯಂಡ್ ಕೋ' 2014ರದ್ದು. ಪೊಳ್ಳಾಚಿಯ ಕಡೆಯ 'ಸೊಕ್ಲೆಟ್' ತನ್ನದೇ ತೋಟದ ಬೀಜದಿಂದ ಬಾರ್ ಮಾಡುತ್ತದೆ. ಚೆನ್ನೈನ 'ಕೊಕೋಟ್ರೇಟ್' ಬೀಜದ ಸಿಪ್ಪೆ ಬೆರೆಸಿದ ಕಾಗದದಲ್ಲಿ ಚಾಕೊಲೇಟು ಸುತ್ತುತ್ತದೆ. ದೇಶದಲ್ಲಿ ಅತಿ ಹೆಚ್ಚು ಕೊಕ್ಕೊ ಬೆಳೆಯುವ ಆಂಧ್ರದ ಗೋದಾವರಿ ಸೀಮೆಯ ಬೀಜ ಹಿಡಿದುಕೊಂಡು ಹೈದರಾಬಾದಿನ 'ಮನಂ' ಹೆಸರು ಮಾಡಿದೆ. ಇವರೆಲ್ಲ ತಲೆ ಕೆಡಿಸಿಕೊಳ್ಳುವುದು ಆ ಆರು ದಿನಗಳ ಬಗ್ಗೆಯೇ. ಅಂಗಡಿಯ ಹೊಳೆಯುವ ಗಾಜಿನ ಹಿಂದೆ ಎಲ್ಲೋ ಒಂದು ವಿನೆಗರ್ ವಾಸನೆಯ ಶೆಡ್ಡು ಇದ್ದೇ ಇರುತ್ತದೆ.

ದೇಶದ ಒಟ್ಟು ಬೆಳೆ ವರ್ಷಕ್ಕೆ ಸುಮಾರು 30 ಸಾವಿರ ಟನ್. ಐವರಿ ಕೋಸ್ಟ್ ಒಂದೇ ಹತ್ತಿರ ಹತ್ತಿರ 20 ಲಕ್ಷ ಟನ್ ಬೆಳೆಯುತ್ತದೆ. ಅಲ್ಲಿ ಮತ್ತು ಘಾನಾದಲ್ಲಿ ಫಸಲು ಕೈಕೊಟ್ಟಾಗ ಏನಾಗುತ್ತದೆಂದು 2024ರಲ್ಲಿ ನೋಡಿದೆವು. ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು. ನಮ್ಮ ಕಡೆ ಹಸಿ ಬೀಜ ಕಿಲೋಗೆ ಮುನ್ನೂರು ರೂಪಾಯಿ ಮೀರಿತು. ಗೊಬ್ಬರ ಕಾಣದೆ ಮೂಲೆಗೆ ಬಿದ್ದಿದ್ದ ಕೊಕ್ಕೊ ಬುಡಕ್ಕೆ ಜನ ನೀರು ಬಿಟ್ಟರು. ಅಣ್ಣನೂ ಬಿಟ್ಟ. ಬೆಲೆ ಇಳಿದ ಮೇಲೆ ಅವನ ಮುಖದಲ್ಲಿ ಹಳೆಯ ನಿರ್ಲಿಪ್ತತೆ ಮರಳಿದೆ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ಎಂದು ಪೆಟ್ಟು ಬೀಳುತ್ತಿರುವ ಕಾಲದಲ್ಲಿ ಕೊಕ್ಕೊ ಒಂದು ಊರುಗೋಲು, ಅದರಾಚೆ ಅವನಿಗೆ ಪ್ರೀತಿಯೇನಿಲ್ಲ.

'ಸುಸ್ಥಿರ' ಎಂಬ ಪದ ಈಗ ಪ್ರತಿ ಪೊಟ್ಟಣದ ಮೇಲೂ ಇದೆ. ನನಗೆ ಆ ಪದದ ಮೇಲೆ ಅಷ್ಟು ವಿಶ್ವಾಸವಿಲ್ಲ, ಆದರೆ ಅಡಿಕೆ ತೋಟದ ಕೊಕ್ಕೊದ ಮೇಲಿದೆ. ಪಶ್ಚಿಮ ಆಫ್ರಿಕಾದಲ್ಲಿ ಕೊಕ್ಕೊಗಾಗಿ ಕಾಡು ಬಿದ್ದಿದೆ, ಮಕ್ಕಳು ದುಡಿದಿದ್ದಾರೆ. ಇಲ್ಲಿ ಕೊಕ್ಕೊಗೆಂದು ಯಾರೂ ಕಾಡು ಕಡಿಯಬೇಕಾಗಿಲ್ಲ. ಅಡಿಕೆಗೆ ಹೊಡೆಯುವ ನೀರಿನಲ್ಲೇ ಅದೂ ಬದುಕುತ್ತದೆ, ಉದುರಿಸಿದ ಎಲೆ ತೋಟಕ್ಕೆ ಹೊದಿಕೆ, ಒಡೆದ ಕಾಯಿಯ ಓಡು ಬುಡಕ್ಕೆ ಗೊಬ್ಬರ. ಕೊಕ್ಕೊ ಹೂವಿಗೆ ಪರಾಗ ತರುವುದು ಜೇನಲ್ಲ, ಕೊಳೆಯುವ ಎಲೆ ಮತ್ತು ಓಡಿನಲ್ಲಿ ಮರಿ ಮಾಡುವ ಗುಂಗುರಿನಂಥ ಸಣ್ಣ ನೊಣ. ತೋಟವನ್ನು ಗುಡಿಸಿ ಅಂಗಳದ ಹಾಗೆ ಇಟ್ಟುಕೊಂಡವನಿಗೆ ಕಾಯಿ ಕಡಿಮೆ. ಸೋಮಾರಿಗೆ ಒಲಿಯುವ ಬೆಳೆ ಎಂದು ಅಣ್ಣ ಹೇಳುವುದು ಪೂರ್ತಿ ಸುಳ್ಳಲ್ಲ. ಹಾಗೆಂದು ಎಲ್ಲವೂ ನಿರ್ಮಲವೂ ಅಲ್ಲ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುವಾಗ ಮೈಲುತುತ್ತಿನ ಬೋರ್ಡೊ ಹೊಡೆಯಲೇಬೇಕಾಗುತ್ತದೆ.

ಇನ್ನು ಕುಕ್ಕಿ.

ಚಾಕೊಲೇಟ್ ಚಿಪ್ ಕುಕ್ಕಿಯ ತಾಯಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ರೂತ್ ವೇಕ್‌ಫೀಲ್ಡ್. ಟೋಲ್ ಹೌಸ್ ಎಂಬ ತಮ್ಮ ಊಟದ ಮನೆಯಲ್ಲಿ 1930ರ ದಶಕದ ಕೊನೆಗೆ ಅವರು ಇದನ್ನು ಮಾಡಿದಾಗ ಚಿಪ್ ಎಂಬುದೇ ಇರಲಿಲ್ಲ. ಬಾರನ್ನೇ ಚೂರು ಮಾಡಿ ಹಾಕಿದ್ದರು. ಕುಕ್ಕಿ ಜನಪ್ರಿಯವಾದ ಮೇಲೆ ಚಿಪ್ ಬಂತು. ಚಿಪ್ಪಿನಲ್ಲಿ ಕೊಕ್ಕೊ ಬೆಣ್ಣೆ ಕಡಿಮೆ, ಅದಕ್ಕೇ ಓವನ್ನಿನಲ್ಲೂ ಗುಂಡಗೆ ಕೂತಿರುತ್ತದೆ. ಬಾರಿನ ಚೂರು ಹಾಗಲ್ಲ, ಕರಗಿ ಹಿಟ್ಟಿನೊಳಗೆ ಪುಟ್ಟ ಪುಟ್ಟ ಕೆರೆಯಾಗುತ್ತದೆ. ಬೇಕಾದದ್ದು ಅದೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 'ಕಾಂಪೌಂಡ್' ಹಲಗೆಯಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ತಿಂದ ಮೇಲೆ ಅಂಗುಳಕ್ಕೆ ಮೇಣದಂತೆ ಅಂಟುವುದು ಅದೇ. ಪೊಟ್ಟಣ ತಿರುಗಿಸಿ ಓದಿ. ಕೊಕ್ಕೊ, ಕೊಕ್ಕೊ ಬೆಣ್ಣೆ, ಸಕ್ಕರೆ ಇದ್ದರೆ ಸಾಕು. ಪಟ್ಟಿ ಉದ್ದವಾದಷ್ಟೂ ಕೆಳಗಿಡಿ.

ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಆ ಕಟ್ಟಳೆಯಿಂದಲೇ ಈ ಅಳತೆ ಹುಟ್ಟಿದ್ದು. 120 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ತುಪ್ಪ ಕಾಯಿಸಿದ ಹಾಗೆ ಕಾಯಿಸಿ. ಸದ್ದು ಅಡಗಿ, ತಳದ ಗಸಿ ಕೆಂಪಾಗಿ, ಪರಿಮಳ ಬಂದ ಕೂಡಲೇ ಇಳಿಸಿ, ಗಸಿಯ ಸಮೇತ ಪಾತ್ರೆಗೆ ಸುರಿಯಿರಿ. ವಿದೇಶಿ ಪುಸ್ತಕಗಳು 'ಬ್ರೌನ್ ಬಟರ್' ಎಂದು ಅಧ್ಯಾಯ ಬರೆಯುವ ಈ ವಿದ್ಯೆ ನಮ್ಮ ಅಜ್ಜಿಯರಿಗೆ ತುಪ್ಪ ಕಾಯಿಸುವ ಕೆಲಸದ ಒಂದು ಘಟ್ಟ ಮಾತ್ರ. ಕಾಯಿಸುವಾಗ ಬೆಣ್ಣೆಯ ನೀರು ಆರಿಹೋಗುತ್ತದೆ. ಅದಕ್ಕೂ ಇಲ್ಲದ ಮೊಟ್ಟೆಗೂ ಸೇರಿಸಿ ಮೂರು ದೊಡ್ಡ ಚಮಚ ಹಾಲು. ಉಗುರು ಬೆಚ್ಚಗಾದ ಮೇಲೆ 100 ಗ್ರಾಂ ಬೆಲ್ಲದ ಪುಡಿ, 40 ಗ್ರಾಂ ಸಕ್ಕರೆ ಹಾಕಿ ಚೆನ್ನಾಗಿ ಕದಡಿ. ಚಾಕೊಲೇಟನ್ನು ಕೆಡಿಸಿದ ಬೆಲ್ಲ ಇಲ್ಲಿ ಕುಕ್ಕಿಯನ್ನು ಉಳಿಸುತ್ತದೆ: ಅದೇ ತೇವ ನಡುಭಾಗವನ್ನು ಮೆತ್ತಗಿಡುತ್ತದೆ, ಅದರ ಸಣ್ಣ ಹುಳಿಗುಣ ಸೋಡಾಕ್ಕೆ ಜೀವ ಕೊಡುತ್ತದೆ. 100 ಗ್ರಾಂ ಮೈದಾ, 60 ಗ್ರಾಂ ಗೋಧಿ ಹಿಟ್ಟು, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಅರ್ಧ ಚಿಕ್ಕ ಚಮಚ ಉಪ್ಪು ಸೇರಿಸಿ, ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಚಪಾತಿಯ ಹಾಗೆ ನಾದಿದರೆ ಕುಕ್ಕಿ ರಬ್ಬರಾಗುತ್ತದೆ. ಕೊನೆಗೆ ಕತ್ತಿಯಲ್ಲಿ ಒರಟಾಗಿ ಚೂರು ಮಾಡಿದ, 65ರಿಂದ 70 ಶೇಕಡಾ ಕೊಕ್ಕೊ ಇರುವ 130 ಗ್ರಾಂ ಚಾಕೊಲೇಟು. ಹಲಗೆಯಲ್ಲಿ ಉಳಿದ ಧೂಳನ್ನೂ ಬಿಡಬೇಡಿ.

ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಇದನ್ನು ತಪ್ಪಿಸಬೇಡಿ, ನಮ್ಮ ಸೆಕೆಗೆ ಹಿಟ್ಟು ಓವನ್ ಸೇರುವ ಮೊದಲೇ ಹರಿದು ದೋಸೆಯಾಗುತ್ತದೆ. ಮರುದಿನ ನಿಂಬೆ ಗಾತ್ರದ ಉಂಡೆ ಮಾಡಿ, ದೂರ ದೂರ ಇಟ್ಟು, ಮೊದಲೇ ಬಿಸಿಯಾದ ಓವನ್ನಿನಲ್ಲಿ 175 ಡಿಗ್ರಿಗೆ ಹನ್ನೆರಡು ನಿಮಿಷ. ಅಂಚು ಕೆಂಪಗೆ, ನಡು ಇನ್ನೂ ಹಸಿ ಎನಿಸುವಾಗಲೇ ತೆಗೆಯಿರಿ. ತಟ್ಟೆಯಲ್ಲೇ ಹತ್ತು ನಿಮಿಷ ಬಿಟ್ಟರೆ ತಾನಾಗಿ ಕೂತುಕೊಳ್ಳುತ್ತದೆ.

ಇಷ್ಟು ದುಬಾರಿ ಚಾಕೊಲೇಟನ್ನು ಬಿಸ್ಕತ್ತಿಗೆ ಹಾಕುವುದು ದಂಡವಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಕೈಯಿಂದ ಮಾಡಿದ ಒಂದು ಬಾರಿಗೆ ಮುನ್ನೂರು ರೂಪಾಯಿ ಕೊಟ್ಟು, ಎರಡು ಬಾರನ್ನು ಒಂದೇ ಸಂಜೆ ಹದಿನೆಂಟು ಕುಕ್ಕಿಗಳಲ್ಲಿ ಕರಗಿಸುವುದು ದಿನಾ ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕೊಕ್ಕೊದಲ್ಲಿ ಒಂದು ಹಣ್ಣಿನ ಹುಳಿಯಿದೆ. ಬರಿದೇ ತಿಂದಾಗ ಕೆಲವರಿಗೆ ಅದು ಹಿಡಿಸುವುದಿಲ್ಲ, ಕಾಯಿಸಿದ ಬೆಣ್ಣೆ ಮತ್ತು ಬೆಲ್ಲದ ನಡುವೆ ಬಂದಾಗ ಪುನರ್ಪುಳಿಯ ಎಸಳು ಕಚ್ಚಿದ ಹಾಗೆ ಎದ್ದು ನಿಲ್ಲುತ್ತದೆ. ಹಾಲಿನ ಚಾಕೊಲೇಟಿಗೆ ಒಗ್ಗಿದ ಮಕ್ಕಳೂ ಮರುಮಾತಿಲ್ಲದೆ ತಿಂದದ್ದನ್ನು ಕಂಡಿದ್ದೇನೆ.

ಎರಡನೆಯ ಸಲದ ಬೀಜವನ್ನು ನಾವು ಹೊಸ ಗ್ರೈಂಡರಿನಲ್ಲಿ ಹದಿನಾಲ್ಕು ಗಂಟೆ ಅರೆದೆವು, ಒಣ ಸಕ್ಕರೆ ಪುಡಿ ಹಾಕಿ. ಚಾಕೊಲೇಟುಗಾರರು ಎರಡು ಮೂರು ದಿನ ಅರೆಯುತ್ತಾರೆ. ನಮ್ಮದು ನಾಲಗೆಗೆ ತುಸು ತರಿತರಿಯಾಗಿಯೇ ಉಳಿಯಿತು, ಕುಕ್ಕಿಯಲ್ಲಿ ಅದು ಗೊತ್ತೇ ಆಗಲಿಲ್ಲ. ದೊಡ್ಡಮ್ಮ ಒಂದು ತಿಂದರು, ಇನ್ನೊಂದಕ್ಕೆ ಕೈ ಚಾಚಿದರು. ಅಣ್ಣ ನಾಲ್ಕು ತಿಂದು, "ನಮ್ಮ ತೋಟದ್ದೇ ಅಲ್ಲವಾ?" ಎಂದು ಎರಡೆರಡು ಸಲ ಕೇಳಿದ. ನಲವತ್ತು ವರ್ಷದಿಂದ ಕೊಕ್ಕೊ ಒಡೆಯುತ್ತಿರುವವನು ತನ್ನ ಬೆಳೆಯ ರುಚಿ ನೋಡಿದ್ದು ಅದೇ ಮೊದಲು.

ಮಳೆಗಾಲದಲ್ಲಿ ಮಾಡುವವರಿಗೆ ಒಂದು ಮಾತು. ಕುಕ್ಕಿ ಪೂರ್ತಿ ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ನಮ್ಮ ಜಿಲ್ಲೆಯ ಜುಲೈ ಗಾಳಿಗೆ ಹಪ್ಪಳವೇ ಹತ್ತು ನಿಮಿಷ ತಾಳುವುದಿಲ್ಲ.